ಮೂರನೆಯ ಭಾಗದಲ್ಲಿ ತಾಯಿ ಮರಳಿ ಬಂದಳು

ಮೊದಲ ಭಾಗ ನೋಡಲು ಹೋದಾಗ ನಾನು ಅರ್ಧ ಸಿನಿಮಾ ನಿದ್ದೆ ಮಾಡಿದ್ದೆ. ಮೇ ತಿಂಗಳ ಶನಿವಾರ, ಮಧ್ಯಾಹ್ನದ ಆಟ. ಹೊರಗೆ ಮದ್ರಾಸಿನ ಬಿಸಿಲು, ಒಳಗೆ ಏಸಿಯ ತಂಪು. ಹೆಂಡತಿ ಮತ್ತು ಏಳು ವರ್ಷದ ಮಗಳು ನನ್ನ ಪಕ್ಕದಲ್ಲಿ ಒಂದೇ ಪಾಪ್‌ಕಾರ್ನ್ ಡಬ್ಬಕ್ಕೆ ಕೈ ಹಾಕಿಕೊಂಡು ಕೂತಿದ್ದರು. ನನಗೆ ಎಚ್ಚರವಾದಾಗ ಪರದೆಯ ಮೇಲೆ ಒಬ್ಬ ಹೆಂಗಸು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕತ್ತಲೆಯ ಗುಹೆಯೊಳಗೆ ಇಳಿಯುತ್ತಿದ್ದಳು. ಡಬ್ಬದೊಳಗಿನ ಎರಡು ಕೈಗಳೂ ಹಾಗೇ ನಿಂತುಬಿಟ್ಟಿದ್ದವು.

ಅದು ಮಕ್ಕಳ ಸಾಹಸದ ಇಂಗ್ಲಿಷ್ ಸಿನಿಮಾ. ಸಮುದ್ರದ ನಡುವಿನ ಬಂಡೆಯ ಮೇಲೆ ಒಂದು ದೀಪಸ್ತಂಭ, ಅದನ್ನು ನೋಡಿಕೊಳ್ಳುವ ಒಬ್ಬ ತಾಯಿ, ಅವಳಿಗೆ ಇಬ್ಬರು ಮಕ್ಕಳು. ಬಂಡೆಯ ಕೆಳಗಿನ ಗುಹೆಯಲ್ಲಿ ಇನ್ನೊಂದು ಲೋಕ. ಮಕ್ಕಳು ಅಲ್ಲಿ ದಾರಿ ತಪ್ಪುತ್ತಾರೆ, ತಾಯಿ ಹುಡುಕಿಕೊಂಡು ಹೋಗಿ ಕರೆತರುತ್ತಾಳೆ. ಕಥೆ ಇಷ್ಟೇ. ಮನೆಗೆ ಬರುವಾಗ ಆಟೋದಲ್ಲಿ ಹೆಂಡತಿ ಹೇಳಿದಳು: "ಧೈರ್ಯ ಇರೋಳು ಇಳಿಯೋದ್ರಲ್ಲಿ ಏನಿದೆ? ಅವಳಿಗೆ ಕೈಕಾಲು ನಡುಗ್ತಿತ್ತು, ನೋಡಿದ್ರಾ?"

ನಾನು ನೋಡಿರಲಿಲ್ಲ. ಹೂಂ ಅಂದೆ.

ಆ ಸಿನಿಮಾ ನಮ್ಮ ನಂಗನಲ್ಲೂರಿನ ಎರಡು ಕೋಣೆಯ ಮನೆಯಲ್ಲಿ ಎರಡು ವರ್ಷ ಓಡಿತು. ನಮ್ಮ ಅಜ್ಜ ರೈಲ್ವೆ ಕೆಲಸಕ್ಕೆಂದು ಪೆರಂಬೂರಿಗೆ ಬಂದವರು. ಮೂರು ತಲೆಮಾರಿನಲ್ಲಿ ನಮ್ಮ ಕನ್ನಡ ಅರ್ಧಕ್ಕರ್ಧ ತಮಿಳಾಗಿ ಹೋಗಿತ್ತು. ಹೆಂಡತಿ ಮೈಸೂರಿನವಳು. ಮಗಳು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಮಾತಾಡಿದರೆ ಅವಳು ಕಿವಿ ಕೇಳದವಳಂತೆ ಇರುತ್ತಿದ್ದಳು. ಹಾಗಾಗಿ ಆ ಸಿನಿಮಾದ ಕಥೆಯನ್ನು ತಾಯಿ ಮಗಳು ಸೇರಿ ಕನ್ನಡದಲ್ಲಿ ಮತ್ತೆ ಕಟ್ಟಿದರು. ಉಬ್ಬರ, ಇಳಿತ, ಹಾಯಿ, ಚುಕ್ಕಾಣಿ ಅನ್ನುವ ಮಾತುಗಳು ನನಗೇ ಸರಿಯಾಗಿ ಗೊತ್ತಿರಲಿಲ್ಲ, ಮಗಳಿಗೆ ಗೊತ್ತಿದ್ದವು. ಸ್ನಾನಕ್ಕೆ ಹೋದ ತಾಯಿ ಬಾಗಿಲ ಸಂದಿಯಿಂದ ಟವೆಲ್‌ನ ತುದಿ ಹೊರಗೆ ಬಿಡುವುದು, ಇವಳು ಅದನ್ನು ಹಗ್ಗವೆಂದು ಜಗ್ಗುವುದು, ಒಳಗಿನಿಂದ "ಇದ್ದೀನಿ, ಇದ್ದೀನಿ" ಅನ್ನುವ ಉತ್ತರ. ನನಗೆ ಕಚೇರಿಗೆ ಹೊತ್ತಾಗುತ್ತಿತ್ತು, ಬೈಯುತ್ತಿದ್ದೆ.

ಎರಡನೆಯ ಭಾಗ ಬರುತ್ತದೆ ಎಂದು ಗೊತ್ತಾದ ದಿನ ಹೆಂಡತಿ ಮಗಳಿಗೆ ಮಾತು ಕೊಟ್ಟಳು: ಮೊದಲ ದಿನವೇ ಹೋಗೋಣ, ಅಪ್ಪನ್ನ ಮನೇಲಿ ಬಿಟ್ಟು ಹೋಗೋಣ, ಗೊರಕೆ ಹೊಡೀತಾರೆ.

ಸಿನಿಮಾ ಬರುವ ಐದು ತಿಂಗಳ ಮುಂಚೆ ಅವಳು ತೀರಿಕೊಂಡಳು.

ಗಿಂಡಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಸಣ್ಣ ಕಾರ್ಖಾನೆ, ಅಳತೆಯ ಮೀಟರುಗಳನ್ನು ಮಾಡುತ್ತಿದ್ದರು. ಅಲ್ಲಿ ಅವಳು ಮೀಟರುಗಳನ್ನು ಪರೀಕ್ಷೆ ಮಾಡಿ ಸಹಿ ಹಾಕುವ ಕೆಲಸದಲ್ಲಿದ್ದಳು. ಒಂದು ಮಂಗಳವಾರ ಊಟದ ಹೊತ್ತಿನಲ್ಲಿ ತಲೆ ಸಿಡಿಯುತ್ತಿದೆ ಎಂದು ಮೇಜಿನ ಮೇಲೆ ತಲೆಯಿಟ್ಟವಳು ಏಳಲಿಲ್ಲ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಎರಡು ದಿನ ಆಸ್ಪತ್ರೆಯಲ್ಲಿ ಯಂತ್ರದ ಮೇಲೆ ಇದ್ದಳು. ಡಾಕ್ಟರು ಮೊದಲ ಸಂಜೆಯೇ ನನ್ನನ್ನು ಪಕ್ಕಕ್ಕೆ ಕರೆದು ಆಸೆ ಇಟ್ಟುಕೊಳ್ಳಬೇಡಿ ಎಂದರು.

ಮಗಳಿಗೆ ಆಗ ಒಂಬತ್ತು ವರ್ಷ. ಅಮ್ಮನಿಗೆ ಜ್ವರ, ಆಸ್ಪತ್ರೆಯವರು ಮಕ್ಕಳನ್ನು ಒಳಗೆ ಬಿಡುವುದಿಲ್ಲ ಎಂದು ಹೇಳಿದೆ. ಆಸ್ಪತ್ರೆಯವರು ಹಾಗೆ ಹೇಳಿರಲಿಲ್ಲ. ಮಗುವನ್ನು ಕರೆತನ್ನಿ ಎಂದು ಒಬ್ಬ ನರ್ಸ್ ಎರಡು ಸಲ ಹೇಳಿದ್ದರು. ಎದುರು ಮನೆಯ ಪಾಟಿಯೂ ಹೇಳಿದರು. ಎಂಬತ್ತು ದಾಟಿದ ಆ ತಮಿಳು ಅಜ್ಜಿ ಗೇಟಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿ, "ಕೊಳಂದೆ ಪಾಕ್ಕಟ್ಟುಂ ಸಾರ್. ಪಾಕ್ಕಲೇನಾ ಮನಸು ನಂಬಾದು" ಎಂದರು. ಮಗು ನೋಡಲಿ, ನೋಡದಿದ್ದರೆ ಮನಸ್ಸು ನಂಬುವುದಿಲ್ಲ. ನಾನು ಕೈ ಬಿಡಿಸಿಕೊಂಡೆ.

ಮೈಸೂರಿನಲ್ಲಿದ್ದ ನನ್ನ ಅಕ್ಕ ಓಡಿ ಬಂದಿದ್ದಳು. "ನೋಡೋ, ಆ ಕೊಳವೆ ಎಲ್ಲಾ ಹಾಕಿರೋದು ಮಗು ನೋಡಿದ್ರೆ ಜನ್ಮಪೂರ್ತಿ ಅದೇ ಕಣ್ಣಲ್ಲಿರತ್ತೆ. ನಾನು ಕರ್ಕೊಂಡು ಹೋಗ್ತೀನಿ" ಎಂದಳು. ನನಗೂ ಅದೇ ಬೇಕಾಗಿತ್ತು. ಎರಡನೆಯ ದಿನ ಮಧ್ಯಾಹ್ನದ ರೈಲಿಗೆ ಮಗಳನ್ನು ಹತ್ತಿಸಿದೆ. ಅವಳು ಕಿಟಕಿಯಲ್ಲಿ ಕೂತು, "ಅಮ್ಮಂಗೆ ಜ್ವರ ಬಿಟ್ಟ ತಕ್ಷಣ ಫೋನ್ ಮಾಡು" ಎಂದಳು. ಮರುದಿನ ಬೆಳಿಗ್ಗೆ ಫೋನ್ ಮಾಡಿದೆ. "ಅಮ್ಮ ದೇವರ ಹತ್ತಿರ ಹೋದಳು ಪುಟ್ಟಿ" ಎಂದೆ. ಆ ಕಡೆ ಟಿವಿ ಓಡುತ್ತಿತ್ತು. "ಸರಿ" ಎಂದು ಅಕ್ಕನಿಗೆ ಫೋನ್ ಕೊಟ್ಟಳು.

ಹದಿಮೂರು ದಿನ ಕಳೆದ ಮೇಲೆ ಅವಳು ಮನೆಗೆ ಬಂದಳು. ಅಷ್ಟರಲ್ಲಿ ಸೀರೆಗಳನ್ನೆಲ್ಲ ಹಂಚಿ ಆಗಿತ್ತು. ಹೆಂಡತಿಯ ಮೊಬೈಲ್ ನಂಬರನ್ನೂ ನಾನು ನಿಲ್ಲಿಸಿಬಿಟ್ಟಿದ್ದೆ. ಅದು ರಿಂಗಾಗುತ್ತಲೇ ಇದ್ದದ್ದನ್ನು ತಡೆಯಲಾಗಿರಲಿಲ್ಲ. ಒಂದು ಫೋಟೋಗೆ ಹಾರ ಹಾಕಿ ಗೋಡೆಗೆ ತೂಗುಹಾಕಿದ್ದೆ. ಮಗಳು ಅದನ್ನು ನೋಡಿ ಬಟ್ಟೆ ಬದಲಾಯಿಸಲು ಒಳಗೆ ಹೋದಳು. ಅಳಲಿಲ್ಲ. ಜಾಣೆ, ಗಟ್ಟಿ ಹುಡುಗಿ ಎಂದು ಬಂದವರೆಲ್ಲ ಹೊಗಳಿದರು. ನಾನೂ ಹೆಮ್ಮೆಪಟ್ಟೆ. ಅವಳು ನನ್ನೊಂದಿಗೆ ತಮಿಳಿನಲ್ಲೇ ಮಾತಾಡತೊಡಗಿದ್ದನ್ನು ಗಮನಿಸಿದೆ, ಆದರೆ ತಿದ್ದಲಿಲ್ಲ.

ಎರಡನೆಯ ಭಾಗ ಬಂದಾಗ, ಅವಳಮ್ಮ ಕೊಟ್ಟ ಮಾತು ಎಂದು ನಾನೇ ಮೊದಲ ದಿನದ ಟಿಕೆಟ್ ತೆಗೆದೆ. ನಿದ್ದೆ ಬಾರದಿರಲೆಂದು ಎರಡು ಲೋಟ ಕಾಫಿ ಕುಡಿದು ಹೋದೆ. ತಾಯಿಯ ಪಾತ್ರ ಮಾಡಿದ್ದ ನಟಿ ಈ ಸಲ ಇಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಸಿನಿಮಾ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ. ಅಣ್ಣ ತಂಗಿ ದೀಪಸ್ತಂಭದ ಮೆಟ್ಟಿಲ ಮೇಲೆ ಕೂತಿದ್ದಾರೆ. ಅಮ್ಮ ಸತ್ತು ಒಂದು ವರ್ಷ ಆಯ್ತು ಅಲ್ವಾ ಎಂದು ಅಣ್ಣ ಕೇಳುತ್ತಾನೆ. ಹೌದು ಎನ್ನುತ್ತಾಳೆ ತಂಗಿ. ಅಷ್ಟರಲ್ಲಿ ಒಂದು ಮೇಕೆ ಬಾಗಿಲು ತಳ್ಳಿಕೊಂಡು ಬಂದು ಮನುಷ್ಯರ ದನಿಯಲ್ಲಿ ಏನೋ ತಮಾಷೆ ಮಾಡುತ್ತದೆ. ಥಿಯೇಟರಿನ ಮಕ್ಕಳೆಲ್ಲ ಹೋ ಎಂದು ನಕ್ಕರು.

ನಾನು ಎದ್ದು ಹೋಗೋಣವೇ ಎಂದು ಕೇಳಲು ಬಾಗಿದೆ. ಮಗಳು ಪರದೆಯನ್ನೇ ನೋಡುತ್ತ, "ಅವ್ಳೋದಾನಾ?" ಎಂದಳು. ಅಷ್ಟೇನಾ? ಅದು ನನ್ನನ್ನು ಕೇಳಿದ್ದಲ್ಲ. ಮುಂದೆ ಎಲ್ಲಾದರೂ ಆ ತಾಯಿಯ ವಿಷಯ ಬಂದೀತೆಂದು ಕೊನೆಯವರೆಗೂ ಕಾದಳು. ಬರಲಿಲ್ಲ. ಆ ಮಕ್ಕಳು ಹಡಗು ಹತ್ತಿದರು, ಕಳ್ಳರನ್ನು ಹಿಡಿದರು, ಮೇಕೆ ನಾಲ್ಕು ಸಲ ನೀರಿಗೆ ಬಿತ್ತು. ಗುಹೆ ಕೂಡ ಹಳೆಯ ಗುಹೆಯಾಗಿರಲಿಲ್ಲ, ಬಣ್ಣ ಬಣ್ಣದ ಬೆಳಕಿನ ಗೊಂಬೆಯಂಗಡಿಯಂತಿತ್ತು.

ಹೊರಗೆ ಬಂದು, "ಹೇಗಿತ್ತು ಕಂದ?" ಎಂದೆ.

"ಮೊಕ್ಕೆ," ಎಂದಳು. ಇಲ್ಲಿನ ಮಕ್ಕಳು ರುಚಿಯಿಲ್ಲದ್ದಕ್ಕೆಲ್ಲ ಅನ್ನುವ ಮಾತು ಅದು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ನನ್ನ ಕೆಲಸದ ವಿಷಯವನ್ನು ಇಲ್ಲಿ ಹೇಳಬೇಕು. ನಾನು ಜೀವವಿಮೆಯ ಒಂದು ಕಚೇರಿಯಲ್ಲಿ, ಸತ್ತವರ ಕ್ಲೇಮುಗಳನ್ನು ಪರಿಶೀಲಿಸುವ ಮೇಜಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಮನೆಯವರು ಬಂದು ನಿಲ್ಲುತ್ತಾರೆ. ಮರಣ ಪ್ರಮಾಣಪತ್ರ ಎಲ್ಲಿ, ಆಸ್ಪತ್ರೆಯ ವರದಿ ಎಲ್ಲಿ, ದಹನದ ರಸೀದಿ ಎಲ್ಲಿ ಎಂದು ಕೇಳುತ್ತೇನೆ. ಕಡಲಿಗೆ ಹೋಗಿ ಮರಳದ ಒಬ್ಬ ಮೀನುಗಾರನ ಹೆಂಡತಿಗೆ, ದೇಹ ಸಿಕ್ಕಿಲ್ಲವಾದರೆ ಏಳು ವರ್ಷ ಕಾಯಬೇಕಾಗುತ್ತದಮ್ಮ ಎಂದು ನಾನೇ ಹೇಳಿದ್ದೇನೆ. ಕಾಗದ ನೋಡದೆ ಯಾರ ಸಾವನ್ನೂ ನಂಬದಿರುವುದೇ ನನ್ನ ಕಸುಬು. ಮನೆಯಲ್ಲಿ ಒಂದು ಮಗು ಏನನ್ನು ನೋಡಿ ನಂಬಬೇಕು ಎಂದು ಒಂದು ದಿನವೂ ನನಗೆ ಹೊಳೆಯಲಿಲ್ಲ.

ಮೂರನೆಯ ಭಾಗ ಬರುವ ಹೊತ್ತಿಗೆ ಮಗಳಿಗೆ ಹನ್ನೆರಡು. ಸೈದಾಪೇಟೆಯ ಸ್ಕೂಲಿನಿಂದ ಗೆಳತಿಯರ ಜೊತೆ ಮೆಟ್ರೋದಲ್ಲಿ ತಾನೇ ಬರುತ್ತಿದ್ದಳು. ಗಿಂಡಿ ಸ್ಟೇಷನ್ನಿನ ಹೊರಗೋಡೆಯ ಮೇಲೆ ದೊಡ್ಡ ಪೋಸ್ಟರ್ ಬಂತು. ಹಳೆಯ ನಟಿಯ ಮುಖ, ಕೈಯಲ್ಲಿ ಕಂದೀಲು, ಕೆಳಗೆ 'ಅವಳು ಮರಳಿ ಬಂದಿದ್ದಾಳೆ' ಎಂದು ಇಂಗ್ಲಿಷಿನಲ್ಲಿ ಚಿನ್ನದ ಅಕ್ಷರ. ಎರಡನೆಯ ಭಾಗ ಸೋತಿತ್ತು; ನಟಿಯನ್ನು ಮತ್ತೆ ಕರೆತಂದಿದ್ದರು. ಆ ಪೋಸ್ಟರನ್ನು ನಾನೂ ನೋಡಿದೆ. ಮಗಳು ಏನೂ ಹೇಳದಿದ್ದರಿಂದ ನಾನೂ ಹೇಳಲಿಲ್ಲ. ಒಂದು ವಾರ ಬಿಟ್ಟು ಊಟ ಮಾಡುತ್ತಿರುವಾಗ ತಲೆಯೆತ್ತದೆ, "ಅಂದ ಪಡತ್ತುಕ್ಕು ಪೋಲಾಮಾ ಅಪ್ಪಾ?" ಎಂದಳು. ಆ ಸಿನಿಮಾಕ್ಕೆ ಹೋಗೋಣವೇ?

"ಮೊಕ್ಕೆ ಅಂದಿದ್ಯಲ್ಲ?"

"ಇದು ವೇರೆ," ಎಂದಳು. ಇದು ಬೇರೆ.

ಭಾನುವಾರದ ಬೆಳಗಿನ ಆಟಕ್ಕೆ ಹೋದೆವು. ಅರ್ಧ ಸೀಟು ಖಾಲಿ. ಅವಳು ಪಾಪ್‌ಕಾರ್ನ್ ಬೇಡವೆಂದಳು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮುಂದಕ್ಕೆ ಬಾಗಿ ಕೂತಳು. ಇಂಟರ್ವಲ್‌ಗೆ ಸ್ವಲ್ಪ ಮುಂಚೆ ಆ ತಾಯಿ ಬಂದಳು. ಹಡಗಿನ ಮಕ್ಕಳು ಒಂದು ದ್ವೀಪದಲ್ಲಿ ಇಳಿದರೆ ಅಲ್ಲಿ ತರಕಾರಿ ಹೆಚ್ಚುತ್ತ ನಿಂತಿದ್ದಾಳೆ! ತಲೆಗೆ ಪೆಟ್ಟು ಬಿದ್ದು ಎಲ್ಲ ಮರೆತುಹೋಗಿತ್ತಂತೆ. ನೀನು ಸತ್ತೆ ಅಂದಿದ್ದರಲ್ಲ ಎಂದು ಪರದೆಯ ಹುಡುಗಿ ಕೇಳಿದಳು. ನಾನು ಸತ್ತದ್ದನ್ನು ಯಾರು ನೋಡಿದರು ಎಂದು ತಾಯಿ ನಕ್ಕು ಇಬ್ಬರನ್ನೂ ಅಪ್ಪಿಕೊಂಡಳು. ಮೇಕೆ ಮೂಗು ಸೀನಿತು. ಜನ ನಕ್ಕರು.

ಮಗಳು ಎದ್ದು ನಿಂತಳು. ಹಿಂದಿನ ಸಾಲಿನವರು "ಉಕ್ಕಾರುಮ್ಮಾ" ಎಂದು ಕೂಗಿದರು. ಅವಳು ಕೂರಲಿಲ್ಲ. ಜನರ ಕಾಲು ತುಳಿದುಕೊಂಡು ಹೊರಟಳು. ನಾನು ಹಿಂದೆಯೇ ಓಡಿದೆ.

ಥಿಯೇಟರಿನ ಹೊರಗಿನ ಉದ್ದನೆಯ ಪಡಸಾಲೆಯಲ್ಲಿ ಕುರ್ಚಿಗಳಿದ್ದವು. ಒಬ್ಬಳು ಹೆಂಗಸು ನೆಲ ಒರೆಸುತ್ತಿದ್ದಳು. ಮಗಳು ಗೋಡೆಗೆ ಬೆನ್ನುಕೊಟ್ಟು ನಿಂತಿದ್ದಳು.

"ಅದು ಸುಳ್ಳು ಕಂದ. ಸಿನಿಮಾದವರಿಗೆ ಬುದ್ಧಿ ಇಲ್ಲ," ಎಂದೆ.

"ಅಪ್ಪ," ಎಂದಳು. ಆಮೇಲೆ ಕನ್ನಡದಲ್ಲಿ ಕೇಳಿದಳು. ಮೂರು ವರ್ಷ ಆಡದ ಭಾಷೆ ಒಂದೊಂದೇ ಮಾತಾಗಿ ಬಂತು. "ಅಮ್ಮ ಸತ್ತಿದ್ದು ನೀನು ನೋಡಿದ್ಯಾ?"

"ನೋಡಿದೆ."

"ನಿಜವಾಗ್ಲೂ? ಕಣ್ಣಲ್ಲಿ?"

"ಪಕ್ಕದಲ್ಲೇ ಇದ್ದೆ ಕಂದ."

"ಮತ್ತೆ ಜ್ವರ ಅಂದೆ. ಜ್ವರಕ್ಕೆ ಯಾರೂ ಎರಡು ದಿನಕ್ಕೆ ಸಾಯಲ್ಲ. ನೀವಿಬ್ರೂ ಜಗಳ ಆಡಿದ್ರಿ, ಅವಳು ಬಿಟ್ಟು ಹೋದಳು ಅಂದ್ಕೊಂಡೆ. ಅದಕ್ಕೇ ಸೀರೆ ಎಲ್ಲ ಇರಲಿಲ್ಲ ಅಂತ."

ನಾನು ಒಂದು ಕುರ್ಚಿಯಲ್ಲಿ ಕೂತೆ. ಅವಳು ನಿಂತೇ ಹೇಳಿದಳು. ಸ್ಕೂಲಿನಿಂದ ಬರುವಾಗ ಗೆಳತಿಯರನ್ನು ಮುಂದೆ ಕಳಿಸಿ ಗಿಂಡಿಯಲ್ಲಿ ಇಳಿಯುತ್ತಿದ್ದಳಂತೆ. ಕಾರ್ಖಾನೆಗಳು ಬಿಡುವ ಹೊತ್ತಿಗೆ ಮೆಟ್ಟಿಲ ಹತ್ತಿರ ನಿಂತು ಬರುವ ಹೆಂಗಸರ ಮುಖ ನೋಡುತ್ತಿದ್ದಳಂತೆ. ಗೆಳತಿಯ ಫೋನಿನಿಂದ ಅಮ್ಮನ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದ್ದಳು. ಮೂರು ಸಲ ಆ ನಂಬರ್ ಇಲ್ಲ ಎಂದಿತು. ನಾಲ್ಕನೆಯ ಸಲ ಒಬ್ಬ ಗಂಡಸು ಎತ್ತಿದ. ತಾನು ತಿರುನೆಲ್ವೇಲಿಯವನು, ನಂಬರ್ ಹೊಸದು ಎಂದ. ಅಮ್ಮ ಅವನ ಮನೆಯಲ್ಲಿರಬಹುದು ಎಂದು ಇವಳು ಒಂದು ವರ್ಷ ನಂಬಿಕೊಂಡಿದ್ದಳು. ಆ ಪೋಸ್ಟರ್ ನೋಡಿದ ದಿನ, ಹೇಗೆ ಮರಳಿ ಬಂದಳು ಎಂದು ತಿಳಿದುಕೊಳ್ಳಬೇಕು ಎನ್ನಿಸಿತಂತೆ.

"ಈಗ ಅವಳು ಬಂದಾಗ ನಂಗೆ ಖುಷಿ ಆಗ್ಲಿಲ್ಲ," ಎಂದಳು. "ಎಷ್ಟು ಈಸಿಯಾಗಿ ಬಂದ್ಬಿಟ್ಳು. ಆ ಹುಡುಗಿ ಬೈಯಲೂ ಇಲ್ಲ. ಅದು ಪೊಯ್ಯಿ ಅಂತ ನನಗೆ ಗೊತ್ತಾಯ್ತು. ಆಮೇಲೆ ನಾನು ಅಂದ್ಕೊಂಡಿದ್ದೂ ಪೊಯ್ಯಿ ಅಂತ ಗೊತ್ತಾಯ್ತು."

ಪೊಯ್ಯಿ ಎಂದರೆ ಸುಳ್ಳು. ಆಗ ಅತ್ತಳು. ಮೂರು ವರ್ಷದ ಮೇಲೆ ಮೊದಲ ಸಲ. ನೆಲ ಒರೆಸುತ್ತಿದ್ದ ಹೆಂಗಸು ಕೆಲಸ ನಿಲ್ಲಿಸಿ ನಮ್ಮನ್ನು ನೋಡಿ, ಬಕೆಟ್ ತೆಗೆದುಕೊಂಡು ಆ ಕಡೆ ಹೋದಳು. ನಾನು ತಲೆಯ ಮೇಲೆ ಕೈಯಿಡಲು ಹೋದರೆ ಮಗಳು ಸರಿದಳು. ಆ ಕುರ್ಚಿಯಲ್ಲೇ ಕೂತು ನಾನು ಎಲ್ಲವನ್ನೂ ಹೇಳಿದೆ. ಮೇಜಿನ ಮೇಲೆ ತಲೆಯಿಟ್ಟದ್ದು, ಯಂತ್ರ, ಕೊಳವೆಗಳು, ಗುರುವಾರ ಬೆಳಿಗ್ಗೆ ಯಂತ್ರದ ಪರದೆಯ ಗೆರೆ ನೇರವಾದದ್ದು. ನರ್ಸ್ ಕರೆತನ್ನಿ ಎಂದದ್ದನ್ನೂ ಹೇಳಿದೆ. ಹೇಳದೆ ಬಿಡಬಹುದಿತ್ತು. ಬಿಡಲಿಲ್ಲ.

ಮನೆಗೆ ಬಂದ ಮೇಲೆ, "ಪ್ರೂಫ್ ಇದೆಯಾ?" ಎಂದಳು. ಬೀರುವಿನಿಂದ ಮರಣ ಪ್ರಮಾಣಪತ್ರ ತೆಗೆದುಕೊಟ್ಟೆ. ಹೆಸರು, ತಂದೆಯ ಹೆಸರು, ದಿನಾಂಕ, ಎಲ್ಲವನ್ನೂ ಬೆರಳಿಟ್ಟು ಓದಿದಳು. ನನ್ನ ಮೇಜಿನ ಮುಂದೆ ಎಷ್ಟೋ ಜನ ಅಂಥ ಕಾಗದ ಹಿಡಿದು ನಿಂತದ್ದನ್ನು ಕಂಡಿದ್ದೇನೆ, ಯಾರೂ ಅದನ್ನು ಹಾಗೆ ಓದಿದ್ದನ್ನು ಕಂಡಿರಲಿಲ್ಲ.

"ಎಲ್ಲಿ ಹಾಕಿದ್ರಿ?"

ಬೂದಿಯ ವಿಷಯ ಕೇಳುತ್ತಿದ್ದಾಳೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಕಾಸಿಮೇಡಿನ ಮೀನು ಬಂದರಿನಿಂದ ದೋಣಿಯಲ್ಲಿ ಹೋಗಿ ಕಡಲಿಗೆ ಬಿಟ್ಟೆವು, ನಾನು ಮತ್ತು ನಿನ್ನ ಸೋದರಮಾವ ಎಂದೆ.

"ನನ್ನ ಕರ್ಕೊಂಡು ಹೋಗು."

ಮುಂದಿನ ಭಾನುವಾರ ಬೆಳಕು ಹರಿಯುವ ಮುಂಚೆ ಆಟೋದಲ್ಲಿ ಹೋದೆವು. ಮೀನಿನ ಹರಾಜು ನಡೆಯುತ್ತಿತ್ತು. ಕೂಗಾಟ, ಐಸಿನ ನೀರು, ಬೆಳ್ಳಗೆ ರಾಶಿ ಬಿದ್ದ ಮೀನು, ಮೂಗಿಗೆ ಹೊಡೆಯುವ ವಾಸನೆ. ಸಸ್ಯಾಹಾರಿ ಮನೆಯ ಹುಡುಗಿ, ದುಪಟ್ಟಾವನ್ನು ಮೂಗಿಗೆ ಹಿಡಿದು ನಡೆದಳು. ಒಂದೆಡೆ ತಡೆಯಲಾರದೆ ಬಗ್ಗಿ ವಾಂತಿ ಮಾಡಿದಳು. ಮೀನು ಮಾರುವ ಒಬ್ಬಳು ಬಾಟಲಿ ನೀರು ಕೊಟ್ಟು ಬೆನ್ನು ಸವರಿದಳು. ಅಂದು ನಮ್ಮನ್ನು ಕರೆದೊಯ್ದ ದೋಣಿಯವನು ಸಿಗಲಿಲ್ಲ. ಬೇರೊಬ್ಬನನ್ನು ಕೇಳೋಣವೆಂದರೆ ಮಗಳು ಬೇಡವೆಂದಳು. ಕಲ್ಲುಗಳ ಮೇಲೆ ತುದಿಯವರೆಗೆ ಹೋಗಿ ನಿಂತೆವು. ನೀರಿನ ಮೇಲೆ ಎಣ್ಣೆಯ ಪದರ, ಪ್ಲಾಸ್ಟಿಕ್, ಹರಿದ ಬಲೆಯ ಚೂರುಗಳು.

"ಕರೆಕ್ಟಾಗಿ ಎಲ್ಲಿ?"

ನಾನು ಕೈ ತೋರಿಸಿದೆ. ತೋರಿಸುತ್ತಿರುವಾಗಲೇ ಅದು ಸರಿಯಲ್ಲವೆಂದು ಗೊತ್ತಿತ್ತು. ಅಂದು ನಾನು ತಲೆಯೆತ್ತಿ ನೋಡಿರಲಿಲ್ಲ. ದೋಣಿ ಓಲಾಡುತ್ತಿತ್ತು, ಮಡಕೆ ಜಾರದಿದ್ದರೆ ಸಾಕಾಗಿತ್ತು. ಅದನ್ನೂ ಹೇಳಿದೆ.

ಬಿಸಿಲು ಏರಿದ ಮೇಲೆ ನನ್ನ ಕಡೆ ತಿರುಗದೆ ಹೇಳಿದಳು: "ನೀನು ನನ್ನನ್ನ ಒಂದು ಸಲ ಕೇಳಬಹುದಿತ್ತು. ಬರ್ತೀಯಾ ಅಂತ. ಭಯ ಆಗಿದ್ರೆ ನಾನೇ ಬೇಡ ಅಂತಿದ್ದೆ."

ನಿನ್ನ ಒಳ್ಳೆಯದಕ್ಕೇ ಮಾಡಿದೆ ಎನ್ನಬಹುದಿತ್ತು. ಅದು ಪೂರ್ತಿ ನಿಜವಲ್ಲ. ಅಮ್ಮನ ಎದುರು ಅವಳು ಅಳುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಅದಕ್ಕೇ ರೈಲು ಹತ್ತಿಸಿದ್ದೆ.

ಆಮೇಲೆ ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಎರಡು ತಿಂಗಳು ಅವಳು ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದಳು. ರಾಶಿ ಹಾಕಿದ್ದ ಸಿನಿಮಾದ ಚಿತ್ರಗಳನ್ನು, ಹಡಗಿನ ಸ್ಟಿಕ್ಕರುಗಳನ್ನು ಹಳೇ ಪೇಪರಿನವನಿಗೆ ಹಾಕಿದಳು. ಆ ಸರಣಿಯಲ್ಲಿ ಇನ್ನೂ ಎರಡು ಸಿನಿಮಾ ಬಂದವು ಎಂದು ಕೇಳಿದ್ದೇನೆ. ತಾಯಿ ಇನ್ನೊಂದು ಸಲ ಸತ್ತಳಂತೆ. ನಾವು ನೋಡಲಿಲ್ಲ. ಕಚೇರಿಯಲ್ಲಿ ನಾನೊಂದು ಕೆಲಸ ಕಲಿತೆ: ಯಾರಾದರೂ ತಾಯಂದಿರು ಮಕ್ಕಳನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ ಒಳಗೆ ಬಂದರೆ, ಮಗುವಿಗೆ ಎಲ್ಲ ಹೇಳಿದ್ದೀರಾ ಎಂದು ಕೇಳುತ್ತೇನೆ. ಕೆಲವರು ಸಿಟ್ಟಾಗುತ್ತಾರೆ. ನಿಮಗ್ಯಾಕೆ ಸಾರ್ ಎನ್ನುತ್ತಾರೆ. ನ್ಯಾಯವೇ.

ಈಗ ಅವಳಿಗೆ ಹದಿನೇಳು. ಕನ್ನಡ ಮತ್ತೆ ಬಂದಿದೆ, ಆದರೆ ಒಂದೇ ವಿಷಯಕ್ಕೆ. ಯಾವಾಗಲೋ ಒಮ್ಮೆ, ತಿಂಗಳಿಗೋ ಎರಡು ತಿಂಗಳಿಗೋ, ಆ ಎರಡು ದಿನಗಳ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ. ಅಮ್ಮನ ತಲೆಕೂದಲು ತೆಗೆದಿದ್ದರಾ? ಕಿಟಕಿ ಇತ್ತಾ ಆ ರೂಮಿಗೆ? ನಾನು ಗೊತ್ತಿದ್ದಷ್ಟು ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ. ಹೋದ ವಾರ ಸಂಜೆ ನಾನು ಬೀನ್ಸ್ ಬಿಡಿಸುತ್ತ ಕೂತಿದ್ದೆ. ಓದುತ್ತಿದ್ದವಳು ಪುಸ್ತಕ ಮುಚ್ಚಿ ಬಂದು ಎದುರು ಕೂತಳು.

"ಅಮ್ಮನ ಕೈ ಬೆಚ್ಚಗಿತ್ತಾ?"

"ಇತ್ತು. ಯಂತ್ರ ಉಸಿರಾಡಿಸ್ತಿತ್ತಲ್ಲ. ಕೊನೇವರೆಗೂ ಬೆಚ್ಚಗೇ ಇತ್ತು."

"ಹಾಗಾದ್ರೆ ನಾನು ಬಂದಿದ್ರೆ ಹಿಡ್ಕೋಬಹುದಿತ್ತು."

"ಹೂಂ," ಎಂದೆ. "ಹಿಡ್ಕೋಬಹುದಿತ್ತು."

ಅವಳು ತಲೆಯಾಡಿಸಿ, ನನ್ನ ಮುಂದಿದ್ದ ಬೀನ್ಸಿನಲ್ಲಿ ಒಂದು ಹಿಡಿ ತನ್ನ ಕಡೆ ಎಳೆದುಕೊಂಡು ನಾರು ತೆಗೆಯತೊಡಗಿದಳು.